ಸಾಸಿವೆ ಕಾಳಿನಷ್ಟು ಮಿಂಚುಳ್ಳಿ

ನಮ್ಮ ಮನೆಯ ಹಿಂದಿನ ಕೆರೆಯ ಮೇಲೆ ಒಂದು ಕರೆಂಟ್ ತಂತಿ ಹಾದುಹೋಗಿದೆ. ಬೆಳಗ್ಗೆ ಆರೂವರೆ ಹೊತ್ತಿಗೆ ಅಲ್ಲೊಂದು ಬಿಳಿ ಕತ್ತಿನ ಮಿಂಚುಳ್ಳಿ ಬಂದು ಕೂರುತ್ತದೆ. ನಾನು ನಿಲ್ಲುವ ತೆಂಗಿನ ಮರದಿಂದ ತಂತಿಗೆ 15 ಮೀಟರ್. ಇಷ್ಟು ವರ್ಷಗಳಲ್ಲಿ ಹಕ್ಕಿ ಬದಲಾಗಿರಬಹುದು, ಈಗಿರುವುದು ಮೊದಲಿನದರ ಮರಿಮಗನೇ ಇರಬಹುದು. ತಂತಿ ಅದೇ, ನನ್ನ ಹುಚ್ಚೂ ಅದೇ. ಕೈಯಲ್ಲಿದ್ದ ಕ್ಯಾಮೆರಾ ಮಾತ್ರ ಒಂದಾದ ಮೇಲೊಂದರಂತೆ ಐದಾಯಿತು.

ಮೊದಲನೆಯದು ಅಪ್ಪನ ಆಗ್ಫಾ ಕ್ಲಿಕ್ 3. ಒಂದು ರೋಲಿಗೆ 12 ಫೋಟೋ, ಒಂದೊಂದು ನೆಗೆಟಿವ್ ಆರು ಸೆಂಟಿಮೀಟರ್ ಚೌಕ. ರೀಲು ತೊಳೆಸಿಕೊಂಡು ಬಂದು, ಕಿಟಕಿಗೆ ಹಿಡಿದು ಮಿಂಚುಳ್ಳಿಯನ್ನು ಹುಡುಕಿದೆ. ತಂತಿಯ ಮೇಲೊಂದು ಚುಕ್ಕೆ ಇತ್ತು. ಧೂಳೋ ಏನೋ ಅಂತ ಉಗುರಿನಿಂದ ಕೆರೆಯಲು ಹೋದೆ. ಅದೇ ಹಕ್ಕಿ!

ಫಿಲ್ಮಿನ ಮೇಲೆ ಹಕ್ಕಿ ಎಷ್ಟು ದೊಡ್ಡದಾಗಿ ಬೀಳುತ್ತದೆ ಅನ್ನುವ ಲೆಕ್ಕ ಸುಲಭ. ಹಕ್ಕಿಯ ಉದ್ದವನ್ನು ಲೆನ್ಸಿನ ಫೋಕಲ್ ದೂರದಿಂದ (ದೂರದ ವಸ್ತುವಿನ ಬಿಂಬ ಲೆನ್ಸಿನಿಂದ ಎಷ್ಟು ಹಿಂದೆ ಮೂಡುತ್ತದೋ ಆ ಅಂತರ) ಗುಣಿಸಿ, ಹಕ್ಕಿ ಎಷ್ಟು ದೂರದಲ್ಲಿದೆಯೋ ಅದರಿಂದ ಭಾಗಿಸಬೇಕು. 28 ಸೆಂಟಿಮೀಟರ್ ಹಕ್ಕಿ, 70 ಚಿಲ್ಲರೆ ಮಿಲಿಮೀಟರ್ ಲೆನ್ಸ್, 15 ಮೀಟರ್ ದೂರ. ಉತ್ತರ 1.3 ಮಿಲಿಮೀಟರ್. ಸಾಸಿವೆ ಕಾಳು. ಆಮೇಲೆ ದುಡ್ಡು ಕೂಡಿಟ್ಟು 35 ಎಂಎಂ ಫಿಲ್ಮಿನ, ಒಳಗೆ ಕನ್ನಡಿ ಇರುವ, ಲೆನ್ಸು ಬದಲಿಸಬಹುದಾದ ಎಸ್‌ಎಲ್‌ಆರ್ ತಗೊಂಡೆ. ಅದರ ಜೊತೆ ಬಂದದ್ದು 50 ಎಂಎಂ ಲೆನ್ಸ್. ಈಗ ಹಕ್ಕಿ ಒಂದು ಮಿಲಿಮೀಟರಿಗೂ ಕಡಿಮೆ! ಗಾತ್ರವನ್ನು ನಿರ್ಧರಿಸುವುದು ಲೆನ್ಸು, ಕ್ಯಾಮೆರಾ ಅಲ್ಲ ಅಂತ ಅಂಗಡಿಯಲ್ಲಿ ಯಾರೂ ಹೇಳಿರಲಿಲ್ಲ. ನಾನೂ ಕೇಳಿರಲಿಲ್ಲ ಬಿಡಿ.

ಬೆಳಗಿನ ಮಬ್ಬು ಬೆಳಕಿನದು ಇನ್ನೊಂದು ಕಾಟ. ಫಿಲ್ಮಿನ ಮೇಲೆ ಬೆಳ್ಳಿ ಲವಣದ ಸಣ್ಣ ಸಣ್ಣ ಹರಳುಗಳಿರುತ್ತವೆ. ಒಂದು ಹರಳಿಗೆ ಬೆಳಕು ಬಿದ್ದು, ಅದರೊಳಗೆ ಬೆಳ್ಳಿಯ ನಾಲ್ಕಾರು ಪರಮಾಣುಗಳಾದರೂ ಒಟ್ಟು ಸೇರದಿದ್ದರೆ ಫಿಲ್ಮ್ ತೊಳೆಯುವ ರಾಸಾಯನಿಕ (ಡೆವಲಪರ್) ಅದನ್ನು ಮೂಸಿಯೂ ನೋಡುವುದಿಲ್ಲ. ಹಾಗಾಗಿ ಬಿದ್ದ ನೂರು ಬೆಳಕಿನ ಕಣಗಳಲ್ಲಿ, ಅಂದರೆ ಫೋಟಾನ್‌ಗಳಲ್ಲಿ ಲೆಕ್ಕಕ್ಕೆ ಸಿಗುತ್ತಿದ್ದದ್ದು ಒಂದೆರಡು. ಇವತ್ತಿನ ಡಿಜಿಟಲ್ ಸೆನ್ಸರ್, ಅಂದರೆ ಫಿಲ್ಮಿನ ಜಾಗದಲ್ಲಿ ಕೂತು ಬೆಳಕು ಹಿಡಿಯುವ ಚಿಪ್, ಅರ್ಧಕ್ಕೂ ಜಾಸ್ತಿ ಎಣಿಸಬಲ್ಲದು. ಡಿಎಸ್‌ಎಲ್‌ಆರ್ (ಅದೇ ಎಸ್‌ಎಲ್‌ಆರ್, ಫಿಲ್ಮಿನ ಬದಲು ಸೆನ್ಸರ್) ತಗೊಂಡ ಮೊದಲ ದಿನವೇ ಇದು ಕಣ್ಣಿಗೆ ಬಿತ್ತು. ಸೂರ್ಯ ಹುಟ್ಟುವ ಮುಂಚೆಯೇ ರೆಕ್ಕೆಯ ನೀಲಿ ಕಾಣಿಸಿತು. ಜೊತೆಗಿದ್ದ 300 ಎಂಎಂ ಲೆನ್ಸಿನಿಂದಾಗಿ ಹಕ್ಕಿ 5.6 ಮಿಲಿಮೀಟರಿಗೆ ಬೆಳೆದಿತ್ತು.

ಅಷ್ಟಕ್ಕೇ ಸುಮ್ನಿರಬಹುದಿತ್ತು. ಆಗ ಬಂತು 83 ಪಟ್ಟು ಜೂಮಿನ, ಲೆನ್ಸು ಬಿಚ್ಚಲಾಗದ ಬ್ರಿಜ್ ಕ್ಯಾಮೆರಾ. ಡಬ್ಬಿಯ ಮೇಲೆ 2000 ಎಂಎಂ ಅಂತ ಇತ್ತು. ಕೊಂಡುಬಿಟ್ಟೆ. ಗೆಳೆಯರು ನಕ್ಕರು. "ಅದರ ಸೆನ್ಸರ್ ಉಗುರಿನಷ್ಟೂ ಇಲ್ಲ ಮಾರಾಯ" ಅಂದರು. ಅವರು ಹೇಳಿದ್ದು ಸುಳ್ಳಲ್ಲ. ನನ್ನ ಡಿಎಸ್‌ಎಲ್‌ಆರ್ ಸೆನ್ಸರಿನ ವಿಸ್ತೀರ್ಣ ಸುಮಾರು 367 ಚದರ ಮಿಲಿಮೀಟರ್. ಇದರದ್ದು 28. ಹದಿಮೂರು ಪಟ್ಟು ಚಿಕ್ಕದು. ಸೆನ್ಸರ್ ಚಿಕ್ಕದಾದರೆ ಸಿಗುವ ಬೆಳಕೂ ಕಡಿಮೆ ಅನ್ನುವುದು ಅವರ ವಾದ. ನಾಚಿಕೆಯಾಗಿ ವರ್ಷದೊಳಗೆ ಮಾರಿಬಿಟ್ಟೆ.

ಮಾರಿದ ಮೇಲೆ ಕೂತು ಲೆಕ್ಕ ಹಾಕಿದೆ. ಮೊದಲೇ ಹಾಕಬೇಕಿತ್ತು, ಅಲ್ವಾ? 2000 ಅನ್ನುವುದು 35 ಎಂಎಂ ಫಿಲ್ಮಿಗೆ ಹೋಲಿಸಿ ಹೇಳುವ ಅಂಕಿ. ಆ ಲೆನ್ಸಿನ ನಿಜವಾದ ಫೋಕಲ್ ದೂರ 357 ಮಿಲಿಮೀಟರ್. ಎಫ್ ಸಂಖ್ಯೆ 6.5. ಫೋಕಲ್ ದೂರವನ್ನು ಎಫ್ ಸಂಖ್ಯೆಯಿಂದ ಭಾಗಿಸಿದರೆ ಬೆಳಕು ಒಳಗೆ ಬರುವ ಬಾಯಿ ಎಷ್ಟು ಅಗಲ ಅಂತ ಗೊತ್ತಾಗುತ್ತದೆ. ಇಲ್ಲಿ 55 ಮಿಲಿಮೀಟರ್. ನನ್ನ ಡಿಎಸ್‌ಎಲ್‌ಆರ್ ಲೆನ್ಸು 300 ಎಂಎಂ, ಎಫ್ 5.6. ಅದರ ಬಾಯಿ 54. ಎರಡೂ ಹೆಚ್ಚುಕಡಿಮೆ ಒಂದೇ!

ಹಕ್ಕಿಯ ಮೈಯಿಂದ ಹೊರಟ ಬೆಳಕಿಗೆ ಹಿಂದೆ ಯಾವ ಸೆನ್ಸರ್ ಕಾಯುತ್ತಿದೆ ಅನ್ನುವುದು ಗೊತ್ತಿಲ್ಲ. ಬಾಯಿ ಎಷ್ಟು ಅಗಲವೋ ಅಷ್ಟು ಬೆಳಕು ಒಳಗೆ. ಅಂದರೆ ಆ ಮಿಂಚುಳ್ಳಿಯ ಮಟ್ಟಿಗೆ ಎರಡೂ ಕ್ಯಾಮೆರಾಗಳಿಗೆ ಸಿಕ್ಕಿದ್ದು ಸಮಸಮ ಫೋಟಾನ್‌ಗಳು. ಫೋಟೋದಲ್ಲಿ ಕಾಣುವ ಮರಳು ಮರಳು ಕಲೆ ಬರುವುದು ಮುಖ್ಯವಾಗಿ ಫೋಟಾನ್‌ಗಳ ಕೊರತೆಯಿಂದ. ಮಳೆ ಆಗಷ್ಟೇ ಶುರುವಾದಾಗ ಅಂಗಳ ನೋಡಿ. ಇಲ್ಲೊಂದು ಕಡೆ ಎರಡು ಹನಿ, ಪಕ್ಕದಲ್ಲೇ ಆರು. ಜೋರು ಮಳೆ ಬಂದರೆ ಎಲ್ಲ ಕಡೆಯೂ ಒಂದೇ ಸಮ ಒದ್ದೆ. ಸರಾಸರಿ 100 ಫೋಟಾನ್ ಬೀಳುವ ಕಡೆ ಏರುಪೇರು 10, ನೂರಕ್ಕೆ ಹತ್ತು. 10,000 ಬೀಳುವ ಕಡೆ ಏರುಪೇರು 100, ನೂರಕ್ಕೆ ಒಂದೇ.

ಹಾಗಾದರೆ ಮೆಗಾಪಿಕ್ಸೆಲ್, ಅಂದರೆ ಸೆನ್ಸರಿನಲ್ಲಿ ಬೆಳಕು ಹಿಡಿಯುವ ಚುಕ್ಕೆಗಳ (ಪಿಕ್ಸೆಲ್) ಸಂಖ್ಯೆ ಹೆಚ್ಚಿದ್ದರೆ? ಬೆಳಕು ಕಿಂಡಿಯೊಂದನ್ನು ದಾಟುವಾಗ ಸ್ವಲ್ಪ ಹರಡುತ್ತದೆ. ಎಫ್ 6.5ರಲ್ಲಿ ಒಂದು ಬಿಂದು ಸುಮಾರು 8.7 ಮೈಕ್ರಾನ್ (ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ) ಅಗಲದ ಬಿಲ್ಲೆಯಾಗಿ ಸೆನ್ಸರಿನ ಮೇಲೆ ಬೀಳುತ್ತದೆ. ಆ ಪುಟ್ಟ ಸೆನ್ಸರಿನ ಪಿಕ್ಸೆಲ್ 1.3 ಮೈಕ್ರಾನ್. ಒಂದೇ ಬಿಂದುವನ್ನು ಅಡ್ಡಕ್ಕೆ ಆರು ಪಿಕ್ಸೆಲ್‌ಗಳು ಹಂಚಿಕೊಂಡು ಕೂತಿದ್ದವು. ನಾನು ಗರಿ ಅಂದುಕೊಂಡು ದೊಡ್ಡದು ಮಾಡಿ ನೋಡುತ್ತಿದ್ದದ್ದು ಬರೀ ಮಸುಕನ್ನು.

ದೊಡ್ಡ ಸೆನ್ಸರ್ ದಂಡ ಅಂತ ಹೇಳುತ್ತಿಲ್ಲ. ಜಾತ್ರೆ, ಗದ್ದೆ, ಮದುವೆ ಮನೆ, ಹೀಗೆ ಇಡೀ ಚೌಕಟ್ಟು ತುಂಬುವ ಕಡೆ ಅದರದ್ದೇ ಮೇಲುಗೈ. ಹಕ್ಕಿ ಪುರ್ರನೆ ಹಾರಿದಾಗ ಫೋಕಸ್ ಹಿಡಿಯುವುದರಲ್ಲೂ ಡಿಎಸ್‌ಎಲ್‌ಆರ್ ಚುರುಕು. ಆದರೆ ದೂರದ ಹಕ್ಕಿಗೆ ಬೇಕಾದದ್ದು ಅಗಲವಾದ ಬಾಯಿ. 300 ಎಂಎಂ ಎಫ್ 2.8 ಲೆನ್ಸಿನ ಬಾಯಿ 107 ಮಿಲಿಮೀಟರ್. ಅಗಲ ಎರಡು ಪಟ್ಟಾದರೆ ಬೆಳಕು ನಾಲ್ಕು ಪಟ್ಟು. ಬೆಲೆ ಕೇಳಿ ಎದ್ದು ಬಂದೆ.

ಈಗಿರುವುದು ಮಿರರ್‌ಲೆಸ್. ಒಳಗೆ ಕನ್ನಡಿ ಏಳುವ ಖಟಕ್ ಸದ್ದಿಲ್ಲ, ಹಕ್ಕಿ ಬೆಚ್ಚುವುದಿಲ್ಲ. ಸೆನ್ಸರ್ ತಾನೇ ಹಕ್ಕಿಯ ಕಣ್ಣು ಹುಡುಕಿ ಫೋಕಸ್ ಮಾಡುತ್ತದೆ. ಅದಕ್ಕೆ ಅಡಾಪ್ಟರ್ ಹಾಕಿ ಜೋಡಿಸಿರುವುದು ಮಾತ್ರ ಅದೇ ಹಳೇ 300 ಎಂಎಂ ಲೆನ್ಸ್.

ಅದಕ್ಕೇ ಈಗ ಉಪಚಾರ ಎಲ್ಲ ಲೆನ್ಸಿಗೆ. ಮಲೆನಾಡಿನ ಮಳೆಗಾಲದಲ್ಲಿ ಗಾಜಿಗೂ ಬೂಸ್ಟು ಹಿಡಿಯುತ್ತದೆ. ಜೇಡರ ಬಲೆಯ ಹಾಗೆ ಎಳೆ ಎಳೆಯಾಗಿ ಹಬ್ಬಿ, ಆಮ್ಲ ಸೂಸಿ, ಮೇಲಿನ ಲೇಪವನ್ನೇ ತಿನ್ನುತ್ತದೆ. ಅಪ್ಪನ ಕ್ಲಿಕ್ 3 ಹೋದದ್ದು ಹಾಗೆಯೇ. ನನ್ನ ಲೆನ್ಸು ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿಯಲ್ಲಿದೆ, ಜೊತೆಗೆ ಒಂದು ಹಿಡಿ ನೀಲಿ ಸಿಲಿಕಾ ಜೆಲ್. ತೇವ ಹೀರಿದಾಗ ಅದು ಗುಲಾಬಿ ಆಗುತ್ತದೆ. ಬಿಸಿ ಮಾಡಿದರೆ ಮತ್ತೆ ನೀಲಿ. ಅಡುಗೆ ಬಾಣಲೆಯಲ್ಲಿ ಮಾತ್ರ ಹುರಿಯಬೇಡಿ, ಆ ನೀಲಿ ಕೋಬಾಲ್ಟ್‌ನದು, ಒಳ್ಳೆಯದಲ್ಲ. ನಾನು ಒಂದು ಹಳೇ ಬಾಣಲೆಯನ್ನು ಅದಕ್ಕಂತಲೇ ಬೇರೆ ಇಟ್ಟಿದ್ದೇನೆ. ನಿನ್ನೆ ಡಬ್ಬಿ ತೆಗೆದು ನೋಡಿದೆ, ಅರ್ಧ ಕಾಳು ಆಗಲೇ ಗುಲಾಬಿ.