ಒಣಗಿದೆ, ಆದರೆ ಬಲಿತಿಲ್ಲ

ನನ್ನ ಹತ್ತಿರ ಒಂದು ನ್ಯಾಟ್ ಯುದ್ಧವಿಮಾನ ಇದೆ. 1:72 ಅಳತೆಯ ಪ್ಲಾಸ್ಟಿಕ್ ಮಾದರಿ, ರೆಕ್ಕೆಯ ತುದಿಯಿಂದ ತುದಿಗೆ 9 ಸೆಂಟಿಮೀಟರ್ ಚಿಲ್ಲರೆ. ಅಸಲಿ ನ್ಯಾಟ್ ಬ್ರಿಟನ್ನಿನ ವಿನ್ಯಾಸ, ಆದರೆ ನಮ್ಮ ವಾಯುಪಡೆಯ ಬಹುಪಾಲು ನ್ಯಾಟ್‌ಗಳನ್ನು ಕಟ್ಟಿದ್ದು ನಮ್ಮ ಎಚ್‌ಎಎಲ್‌ನಲ್ಲೇ. ನನ್ನದರ ಎಡರೆಕ್ಕೆಯ ಮೇಲೆ ನನ್ನ ಹೆಬ್ಬೆಟ್ಟಿನ ಗುರುತು ಇದೆ, ಜಮೀನಿನ ಪತ್ರಕ್ಕೆ ಒತ್ತಿದಷ್ಟು ಸ್ಪಷ್ಟವಾಗಿ.

ಅದು ಆಗಸ್ಟ್. ಬಸವನಗುಡಿಯಲ್ಲಿ ಮೂರು ದಿನದಿಂದ ಜಿಟಿಜಿಟಿ ಮಳೆ. ಎನಾಮಲ್ ಬಣ್ಣ ಹಚ್ಚಿ ಎರಡು ದಿನ ಆಗಿತ್ತು. ಬೆರಳ ತುದಿಯಲ್ಲಿ ಮುಟ್ಟಿದೆ, ಅಂಟಲಿಲ್ಲ. ಸರಿ, ಒಣಗಿತು ಅಂತ ರೆಕ್ಕೆ ಹಿಡಿದು, ಮುಂದಿನ ಬಣ್ಣ ತಾಗಬಾರದ ಕಡೆ ಮಾಸ್ಕಿಂಗ್ ಟೇಪ್ ಅಂಟಿಸಿದೆ. ಟೇಪ್ ಕೀಳುವಾಗ ಬಣ್ಣವೂ ಜೊತೆಗೆ ಎದ್ದು ಬಂತು. ಹಿಡಿದ ಕಡೆ ಹೆಬ್ಬೆಟ್ಟು ಉಳಿಯಿತು.

ಒಣಗುವುದೇ ಬೇರೆ, ಕ್ಯೂರ್ ಆಗುವುದೇ ಬೇರೆ. ಕ್ಯೂರಿಂಗ್ ಅನ್ನೋ ಪದ ಬೆಂಗಳೂರಿನವರಿಗೆ ಹೊಸದೇನಲ್ಲ. ಯಾವ ಬೀದಿಗೆ ಹೋದರೂ ಒಂದು ಮನೆ ಏಳುತ್ತಿರುತ್ತದೆ. ಮೋಲ್ಡ್ ಹಾಕಿದ ಮರುದಿನ ಮೇಸ್ತ್ರಿ ಅದರ ಮೇಲೆ ಪುಟ್ಟ ಬದು ಕಟ್ಟಿ ನೀರು ನಿಲ್ಲಿಸುತ್ತಾನೆ. ಸಿಮೆಂಟ್ ಗಟ್ಟಿಯಾಗುವುದು ನೀರು ಆರಿ ಅಲ್ಲ, ನೀರಿನ ಜೊತೆ ಕೂಡಿಕೊಂಡು. ಎಳನೀರು ಬಲಿತು ಕಾಯಿ ಆಗುತ್ತಲ್ಲ, ಹಾಗೆ ಅದು ಬಲಿಯಬೇಕು.

ಎನಾಮಲ್ ಕೂಡ ಬಲಿಯಬೇಕಾದ ಬಣ್ಣ. ಮೊದಲು ಅದರ ತೆಳುಕಾರಕ (ಥಿನ್ನರ್) ಆವಿಯಾಗುತ್ತದೆ. ಇದಕ್ಕೆ ಕೆಲವು ಗಂಟೆ ಸಾಕು, ಕೈಗೆ ಅಂಟುವುದು ನಿಲ್ಲುತ್ತದೆ. ಆಮೇಲೆ ಶುರು ಅಸಲಿ ಕೆಲಸ. ಬಣ್ಣದಲ್ಲಿರುವ ಎಣ್ಣೆಯ ಅಂಶ ಗಾಳಿಯ ಆಮ್ಲಜನಕವನ್ನು ಹೀರಿಕೊಂಡು, ಅಣುಗಳು ಒಂದಕ್ಕೊಂದು ಕೊಂಡಿ ಹಾಕಿಕೊಂಡು ಬಲೆಯಾಗುತ್ತವೆ. ಇದಕ್ಕೆ ದಿನಗಳು ಬೇಕು, ಒಮ್ಮೊಮ್ಮೆ ವಾರಗಳು. ಇದನ್ನು ನೋಡಲು ಅಡುಗೆಮನೆಗೆ ಹೋದರೆ ಸಾಕು. ಸೂರ್ಯಕಾಂತಿ ಎಣ್ಣೆಯ ಡಬ್ಬದ ಹೊರಗೆ ಇಳಿದ ಹನಿ ಕೆಲವು ವಾರದಲ್ಲಿ ಜಿಗುಟು ಗೋಂದಾಗಿರುತ್ತದೆ, ಸೋಪಿಗೂ ಜಗ್ಗುವುದಿಲ್ಲ. ಅದೇ ರಸಾಯನ. ಕೊಬ್ಬರಿ ಎಣ್ಣೆ ಹಾಗಾಗುವುದಿಲ್ಲ, ಅದರಲ್ಲಿ ಆಮ್ಲಜನಕ ಹಿಡಿಯುವ ಜೋಡಿ ಬಂಧಗಳು ತೀರಾ ಕಡಿಮೆ. ಅಗಸೆ ಎಣ್ಣೆಯಲ್ಲಿ ಜಾಸ್ತಿ, ಅದಕ್ಕೇ ಚಿತ್ರಕಾರರು ಶತಮಾನಗಳಿಂದ ಅದನ್ನು ಬಳಸಿದರು. ತಮಾಷೆ ಅಂದರೆ, ‘ಒಣಗುವಾಗ’ ಅಗಸೆ ಎಣ್ಣೆಯ ತೂಕ ಏರುತ್ತದೆ!

ಆಮ್ಲಜನಕ ಸಿಗುವುದು ಮೇಲಿನಿಂದ. ಹಾಗಾಗಿ ದಪ್ಪಗೆ ಬಳಿದರೆ ಮೊದಲು ಮೇಲುಪದರ ಗಟ್ಟಿಯಾಗುತ್ತದೆ, ಬಿಸಿ ಹಾಲಿಗೆ ಕೆನೆ ಕಟ್ಟಿದಂತೆ. ಒಳಗೆ ಇನ್ನೂ ಮೆತ್ತಗೆ. ಅಂಥ ಅರೆಬಲಿತ ಪದರಕ್ಕೆ ಎರಡನೇ ಕೋಟ್ ಹಾಕಿದಿರೋ, ಅದರ ತೆಳುಕಾರಕ ಕುಡಿದು ಹಳೆಯದು ಉಬ್ಬುತ್ತದೆ. ಹರಡಲು ಜಾಗವಿಲ್ಲದೆ ಸುಕ್ಕುಗಟ್ಟುತ್ತದೆ.

ಲ್ಯಾಕರ್ ಅನ್ನೋ ಇನ್ನೊಂದು ಬಗೆಯ ಬಣ್ಣಕ್ಕೆ ಈ ತಾಪತ್ರಯ ಇಲ್ಲ, ದ್ರಾವಕ ಹಾರಿದರೆ ಕೆಲಸ ಮುಗಿಯಿತು. ಆದರೆ ತೇವದ ದಿನ ಸ್ಪ್ರೇ ಮಾಡಬೇಡಿ. ದ್ರಾವಕ ಸರ್ರನೆ ಹಾರುವಾಗ ಮೇಲ್ಮೈ ತಣ್ಣಗಾಗಿ, ಗಾಳಿಯ ತೇವ ಅಲ್ಲೇ ಇಳಿದು ಬಿಳಿ ಮಂಜು ಹಿಡಿಯುತ್ತದೆ. ನೀರಿನ ಅಕ್ರಿಲಿಕ್ ಕೂಡ ಮಳೆಗಾಲದಲ್ಲಿ ಸತಾಯಿಸುತ್ತದೆ. ಅದರೊಳಗಿನ ಪ್ಲಾಸ್ಟಿಕ್ ಕಣಗಳು ಒತ್ತಿಕೊಂಡು ಒಂದಾಗಬೇಕಾದರೆ ಮೊದಲು ನೀರು ಹೋಗಬೇಕು, ಅಲ್ವಾ? ನಮ್ಮೂರಲ್ಲಿ ಈ ಕೆಲಸಕ್ಕೆ ಫೆಬ್ರವರಿ, ಮಾರ್ಚ್ ಹೇಳಿ ಮಾಡಿಸಿದ ತಿಂಗಳು.

ಬಿಸಿ ಕೊಟ್ಟರೆ ಬೇಗ ಬಲಿಯುತ್ತದೆ, ನಿಜ. ಆದರೆ ಮಾದರಿಯ ಪ್ಲಾಸ್ಟಿಕ್ ಪಾಲಿಸ್ಟೈರೀನ್, 100 ಡಿಗ್ರಿ ಸೆಲ್ಸಿಯಸ್ ಹತ್ತಿರ ಮೆತ್ತಗಾಗುವಂಥದ್ದು. ತೆಳು ರೆಕ್ಕೆಗಳು ಅದಕ್ಕೂ ಮೊದಲೇ ಸೊಟ್ಟಗಾಗುತ್ತವೆ. ಬಿಸಿಲಲ್ಲಿ ನಿಂತ ಕಾರಿನೊಳಗೆ ಇಡೋ ಆಸೆ ಬೇಡ. ನಾನು ರಟ್ಟಿನ ಪೆಟ್ಟಿಗೆ ಬೋರಲು ಹಾಕಿ ಧೂಳು ತಪ್ಪಿಸಿ ಸುಮ್ನೆ ಬಿಡುತ್ತೇನೆ. ಗಾಳಿಯಾಡಲು ಎರಡು ತೂತು.

ನೋಡುವುದು ಹೇಗೆ? ಮೂಗಿನ ಹತ್ತಿರ ತಂದು ಒಮ್ಮೆ ಮೂಸಿದರೆ ಗೊತ್ತಾಗುತ್ತದೆ. ವಾಸನೆ ಇದ್ದರೆ ಒಳಗಿನಿಂದ ಏನೋ ಇನ್ನೂ ಹೊರಡುತ್ತಿದೆ ಎಂದೇ ಅರ್ಥ. ವಾಸನೆ ಹೋದರೂ ನಾನು ಪೂರ್ತಿ ನಂಬುವುದಿಲ್ಲ. ಕಿಟ್‌ನಲ್ಲಿ ಬೇಡವಾದ ಒಂದು ತುಂಡಿಗೆ ಅದೇ ದಿನ ಅದೇ ಬಣ್ಣ ಬಳಿದು ಪಕ್ಕದಲ್ಲಿಡುತ್ತೇನೆ. ಉಗುರು ಒತ್ತಿ ನೋಡುವುದು ಅದಕ್ಕೆ, ವಿಮಾನಕ್ಕಲ್ಲ.

ಈಗಿನ ತುಂಡಿಗೆ ಇವತ್ತು ಹನ್ನೊಂದನೇ ದಿನ. ಬೆಳಿಗ್ಗೆ ಒತ್ತಿದಾಗ ಸಣ್ಣಗೆ ಉಗುರಿನ ಗೀರು ಬಿತ್ತು. ಪೆಟ್ಟಿಗೆ ಮತ್ತೆ ಬೋರಲು ಹಾಕಿದ್ದೇನೆ.