8051 ಬೋರ್ಡನ್ನು ಕಾರ್ಟೆಕ್ಸ್‌ಗೆ ದಾಟಿಸುವಾಗ

ಕೊಳವೆಬಾವಿ ಪಂಪಿನ ಹಳೆಯ ನಿಯಂತ್ರಕವೊಂದನ್ನು 8051 ಎಂಬ ಹಳೆಯ ಮೈಕ್ರೋಕಂಟ್ರೋಲರ್ ಚಿಪ್‌ನಿಂದ ಕಾರ್ಟೆಕ್ಸ್-ಎಂ3 ಕುಟುಂಬದ ಎಸ್‌ಟಿಎಂ32ಎಫ್103 ಎಂಬ ಹೊಸ ಚಿಪ್‌ಗೆ ಬದಲಾಯಿಸುವ ಕೆಲಸ ನನ್ನ ಪಾಲಿಗೆ ಬಂದಾಗ, ಸಿ ಪ್ರೋಗ್ರಾಮನ್ನು ಹೊಸ ಕಂಪೈಲರ್‌ಗೆ ಹೊಂದಿಸಲು ಒಂದು ವಾರ ಸಾಕಾಯಿತು. ಆದರೆ ಮೋಟಾರನ್ನು ಆನ್-ಆಫ್ ಮಾಡುವ ರಿಲೇ ಸ್ವಿಚ್ಚನ್ನು ನಡೆಸುವ ಒಂದು ಪಿನ್ನಿನ ಸಲುವಾಗಿ ಪಿಸಿಬಿಯನ್ನೇ (ಸರ್ಕ್ಯೂಟ್ ಬೋರ್ಡನ್ನೇ) ಮತ್ತೊಮ್ಮೆ ಮಾಡಿಸಬೇಕಾಯಿತು.

8051 ರೀಸೆಟ್ ಆದಾಗ, ಅಂದರೆ ಮೊದಲಿನಿಂದ ಶುರುವಾಗುವಾಗ, ಅದರ ಪೋರ್ಟುಗಳ ಪಿನ್ನುಗಳಲ್ಲಿ 1 (ಮೇಲಿನ ವೋಲ್ಟೇಜ್ ಮಟ್ಟ; ಕೆಳಗಿನದು 0) ಇರುತ್ತದೆ. ಕರೆಂಟ್ ಬಂದ ಕ್ಷಣದಲ್ಲಿ ಮೋಟಾರು ತಾನಾಗಿ ಓಡಬಾರದೆಂದು, ಮೂಲ ವಿನ್ಯಾಸಕಾರರು ಪಿನ್ 0 ಆದಾಗ ಮಾತ್ರ ರಿಲೇ ಎಳೆಯುವಂತೆ ಬೇಸ್ ತನ್ನ ಎಮಿಟರಿಗಿಂತ ಕೆಳಗಿಳಿದಾಗ ಆನ್ ಆಗುವ ಪಿಎನ್‌ಪಿ ಟ್ರಾನ್ಸಿಸ್ಟರ್ ಹಾಕಿ, ಅದರ ಎಮಿಟರನ್ನು 5 ವೋಲ್ಟ್‌ಗೆ ಕೊಟ್ಟಿದ್ದರು. ಅದು ವಿವೇಕದ ವಿನ್ಯಾಸವೇ ಸರಿ. ಹೊಸ ಚಿಪ್‌ನಲ್ಲಾದರೋ ರೀಸೆಟ್ ಹೊತ್ತಿಗೆ ಬಹುತೇಕ ಪಿನ್ನುಗಳು ಯಾವ ಮಟ್ಟಕ್ಕೂ ಅಂಟಿಕೊಳ್ಳದ ಇನ್‌ಪುಟ್‌ಗಳಾಗಿರುತ್ತವೆ. ಪ್ರೋಗ್ರಾಮು ಪಿನ್ನನ್ನು 1 ಮಾಡಿದರೂ ಅದು ಏರುವುದು 3.3 ವೋಲ್ಟ್‌ವರೆಗೆ ಮಾತ್ರ. ಎಮಿಟರಿಗೂ ಪಿನ್ನಿಗೂ ನಡುವೆ 1.7 ವೋಲ್ಟ್ ಉಳಿಯುತ್ತದೆ, ಟ್ರಾನ್ಸಿಸ್ಟರ್ ಆನ್ ಆಗಲು ಸುಮಾರು 0.7 ಸಾಕು. ಹೀಗಾಗಿ ರಿಲೇ ಬಿಡುವುದೇ ಇಲ್ಲ. 5 ವೋಲ್ಟ್ ತಾಳುವ ಪಿನ್ನನ್ನು ಓಪನ್-ಡ್ರೈನ್ (0ಕ್ಕೆ ಮಾತ್ರ ಎಳೆಯುವಂತೆ) ಮಾಡಿ, ಅದನ್ನು 5 ವೋಲ್ಟ್‌ಗೆ ಎತ್ತಿಡುವ ಪುಲ್-ಅಪ್ ರೆಸಿಸ್ಟರ್ ಕೊಡುವ ದಾರಿಯೂ ಉಂಟು, ಆದರೆ ಮೋಟಾರಿನ ವಿಷಯದಲ್ಲಿ ನನಗೆ ಅದು ಒಪ್ಪಿಗೆಯಾಗಲಿಲ್ಲ. ಪಿನ್ 1 ಆದಾಗ ಆನ್ ಆಗುವ ಎನ್‌ಪಿಎನ್ ಟ್ರಾನ್ಸಿಸ್ಟರ್ ಹಾಕಿ, ಅದರ ಬೇಸ್‌ಗೆ 0ಯಲ್ಲೇ ಹಿಡಿದಿಡುವ ಪುಲ್-ಡೌನ್ ರೆಸಿಸ್ಟರ್ ಕೊಟ್ಟೆ.

ಇದೇ 3.3 ವೋಲ್ಟ್, 5 ವೋಲ್ಟ್‌ನಲ್ಲಿ ನಡೆಯುವ 74ಎಚ್‌ಸಿ ಲಾಜಿಕ್ ಐಸಿಗಳಿಗೂ ಸಾಲದು, 1 ಎಂದು ಒಪ್ಪಲು ಅವು 3.5 ಕೇಳುತ್ತವೆ. 2 ವೋಲ್ಟನ್ನೇ 1 ಎಂದು ಒಪ್ಪುವ 74ಎಚ್‌ಸಿಟಿ ಹಾಕಬೇಕು. 8051ರ ರೀಸೆಟ್ ಪಿನ್ 1ರಲ್ಲಿ ಕೆಲಸ ಮಾಡಿದರೆ ಎಸ್‌ಟಿಎಂ32ರದ್ದು 0ರಲ್ಲಿ ಎಂಬುದನ್ನೂ ಮರೆಯಬಾರದು.

ಪ್ರೋಗ್ರಾಮಿನೊಳಗಿನ ತೊಡಕು ಕಣ್ಣಿಗೆ ಬೀಳುವುದು ತಡವಾಗಿ. ಹಳೆಯ ಕೈಲ್ ಸಿ51 ಕಂಪೈಲರ್ ಎರಡು ಬೈಟಿನ ಸಂಖ್ಯೆಯಲ್ಲಿ ದೊಡ್ಡ ಬೈಟನ್ನು (256ರ ಲೆಕ್ಕದ್ದನ್ನು) ಮೊದಲು ಇಡುತ್ತದೆ, ಎಸ್‌ಟಿಎಂ32 ಚಿಕ್ಕದನ್ನು. ಹಳೆಯ ಬೋರ್ಡಿನ ಇಇಪ್ರಾಮನ್ನು (ಕರೆಂಟ್ ಹೋದರೂ ಅಳಿಯದ ಮೆಮೊರಿ ಚಿಪ್ಪನ್ನು) ಹೊಸದರಲ್ಲಿ ಕೂರಿಸಿದಾಗ, 300 ಸೆಕೆಂಡು ಎಂದು ಬರೆದಿಟ್ಟ ವಿಳಂಬ 11265 ಎಂದು ಓದಿಬಂತು. 12 ಮೆಗಾಹರ್ಟ್ಸ್‌ನಲ್ಲಿ ಎಣಿಸಿ, ಸಮಯ ಕಳೆಯಲೆಂದೇ ಬರೆದ ಖಾಲಿ ಲೂಪುಗಳು 72 ಮೆಗಾಹರ್ಟ್ಸ್‌ನಲ್ಲಿ ತೀರ ಚಿಕ್ಕವಾಗುತ್ತವೆ, ಕೆಲವನ್ನು ಕಂಪೈಲರೇ ತೆಗೆದುಹಾಕುತ್ತದೆ. ಅವನ್ನೆಲ್ಲ ಟೈಮರಿಗೆ ವಹಿಸುವುದು ಒಳ್ಳೆಯದು.

ಈಗ ನಾನು ಪ್ರೋಗ್ರಾಮು ತೆರೆಯುವ ಮುಂಚೆ ಪ್ರತಿ ಔಟ್‌ಪುಟ್ ಪಿನ್ನಿನ ರೀಸೆಟ್ ಸ್ಥಿತಿಯನ್ನು ಎರಡೂ ಡೇಟಾಶೀಟ್‌ಗಳಿಂದ ಪಕ್ಕಪಕ್ಕದಲ್ಲಿ ಬರೆದುಕೊಳ್ಳುತ್ತೇನೆ. ಬೋರ್ಡು ಬಂದ ಮೇಲೆ ಮೋಟಾರಿನ ಜಾಗದಲ್ಲಿ ಬಲ್ಬು ಕಟ್ಟಿ, ರೀಸೆಟ್ ಬಟನ್ ಒತ್ತಿ ಹಿಡಿದು, ಬಲ್ಬು ಒಮ್ಮೆಯೂ ಮಿನುಗದಿರುವುದನ್ನು ಕಂಡ ನಂತರವೇ ಮೋಟಾರು ಜೋಡಿಸುತ್ತೇನೆ.