ಕಿವಿ ನೋವಿಗೆ ಬಾಯಿ ಯಾಕೆ ನೋಡ್ತಾರೆ?

ಸಿರ್ಸಿ ಕಡೆ ಮಳೆ ಹಿಡಿದರೆ ಕಿವಿ ನೋವಿನವರ ಸಾಲು ಉದ್ದವಾಗುತ್ತದೆ. ಹೆಚ್ಚಿನವರದ್ದು ಸುಲಭದ ಕತೆ. ತೇವಕ್ಕೆ ಕಿವಿಯೊಳಗೆ ಬೂಸ್ಟು ಹಿಡಿದಿರುತ್ತದೆ. ತುರಿಕೆ ತಡೆಯದೆ ಬೆಂಕಿಕಡ್ಡಿ ಹಾಕಿ ಕೆರೆದಿರುತ್ತಾರೆ. ಸಾಲದ್ದಕ್ಕೆ ಬೆಳ್ಳುಳ್ಳಿ ಹಾಕಿ ಕಾಯಿಸಿದ ಕೊಬ್ಬರಿ ಎಣ್ಣೆಯನ್ನೂ ಬಿಟ್ಟಿರುತ್ತಾರೆ. ಅದರಿಂದ ಬೂಸ್ಟೇನೂ ಹೋಗುವುದಿಲ್ಲ, ನನಗೆ ಒರೆಸುವ ಕೆಲಸ ಜಾಸ್ತಿ ಅಷ್ಟೇ. ಕ್ಲೀನ್ ಮಾಡಿ, ಔಷಧ ಹಾಕಿ, ಸ್ವಲ್ಪ ದಿನ ನೀರು ತಾಗಿಸಬೇಡಿ ಅಂದರೆ ಮುಗಿಯಿತು.

ಇನ್ನೊಂದು ಗುಂಪಿನವರಿದ್ದಾರೆ. ಅವರ ಕಿವಿಯೊಳಗೆ ನೋಡಿದರೆ ಏನೂ ಇಲ್ಲ. ಪರದೆ ಮುತ್ತಿನ ಹಾಗೆ ಹೊಳೆಯುತ್ತಿರುತ್ತದೆ. ಕಿವಿ ಹಿಡಿದು ಎಳೆದರೂ, ಮುಂದಿನ ಮೃದು ಎಲುಬನ್ನು ಒತ್ತಿದರೂ ನೋವಿಲ್ಲ. ಹೊರಕಿವಿಯ ತೊಂದರೆಯಾಗಿದ್ದರೆ ಅಷ್ಟಕ್ಕೇ ಕೂಗಿಬಿಡುತ್ತಿದ್ದರು. ಆದರೂ ಮನುಷ್ಯನಿಗೆ ರಾತ್ರಿಯಿಡೀ ನಿದ್ದೆ ಇಲ್ಲ. ಇಂಥವರಿಗೆ "ಬಾಯಿ ತೆರೆಯಿರಿ" ಅಂದರೆ, "ನೋವು ಇರೋದು ಇಲ್ಲಿ ಮಾರಾಯ್ರೆ" ಅಂತ ಕಿವಿಯನ್ನೇ ಮತ್ತೊಮ್ಮೆ ತೋರಿಸುತ್ತಾರೆ.

ಕಾರಣ ನರಗಳಲ್ಲಿದೆ. ಮಿದುಳಿಗೆ ನೇರವಾಗಿ ಸೇರುವ ನರಗಳು 12 ಜೊತೆ. ಕಣ್ಣು, ಮೂಗಿನ ಲೆಕ್ಕ ಸುಮಾರು ಚೊಕ್ಕ: ವಾಸನೆಗೆ ಮೊದಲನೆಯದು, ನೋಟಕ್ಕೆ ಎರಡನೆಯದು, ಕಣ್ಣುಗುಡ್ಡೆ ಆಡಿಸಲು ಮೂರು, ನಾಲ್ಕು, ಆರು. ಕಿವಿ ಕೇಳುವುದು ಎಂಟನೆಯದರಿಂದ. ಆದರೆ ಆ ಎಂಟನೇ ನರಕ್ಕೆ ನೋವು ಗೊತ್ತಿಲ್ಲ. ಕಿವಿಯ ನೋವನ್ನು ಒಯ್ಯುವವರು ಬೇರೆಯೇ: ಐದು, ಏಳು, ಒಂಬತ್ತು, ಹತ್ತನೇ ನರಗಳು, ಜೊತೆಗೆ ಕುತ್ತಿಗೆಯಿಂದ ಬಂದ ಎರಡು. ಅಷ್ಟು ಸಣ್ಣ ಜಾಗಕ್ಕೆ ಇಷ್ಟು ಜನ ವಾರಸುದಾರರು!

ಇವರಲ್ಲಿ ಯಾರೂ ಕಿವಿಗೆ ಮಾತ್ರ ದುಡಿಯುವುದಿಲ್ಲ. ಐದನೆಯದು ಹಲ್ಲು, ದವಡೆ, ನಾಲಿಗೆಯ ಮುಂಭಾಗಕ್ಕೂ ಹೋಗುತ್ತದೆ. ಒಂಬತ್ತನೆಯದು ಟಾನ್ಸಿಲ್ಲಿಗೆ, ನಾಲಿಗೆಯ ಬುಡಕ್ಕೆ. ಹತ್ತನೆಯದು ಧ್ವನಿಪೆಟ್ಟಿಗೆಗೆ, ಗಂಟಲಿನ ಕೆಳಭಾಗಕ್ಕೆ. ಸಿದ್ದಾಪುರದ ಬಸ್ಸೂ ಯಲ್ಲಾಪುರದ ಬಸ್ಸೂ ಸಿರ್ಸಿ ಸ್ಟ್ಯಾಂಡಿಗೇ ಬಂದು ನಿಲ್ಲುತ್ತವೆ, ಇಳಿದವನು ಯಾವ ಊರಿಂದ ಬಂದ ಅಂತ ಮುಖ ನೋಡಿ ಹೇಳಲಾಗದು. ಮಿದುಳಿನ ಕಷ್ಟವೂ ಅದೇ. ಗಂಟಲಿನಿಂದ ಬಂದ ನೋವನ್ನು ಕಿವಿಯದ್ದು ಅಂತ ಬರೆದುಕೊಂಡುಬಿಡುತ್ತದೆ.

ಹತ್ತನೇ ನರದ ಕಿವಿಯ ಕವಲಿನ ಪರಿಚಯ ನಿಮಗೆ ಆಗಲೇ ಆಗಿರಬಹುದು. ಕಿವಿಗೆ ಹತ್ತಿಯ ಬಡ್ಸ್ ಹಾಕಿದರೆ ಕೆಲವರಿಗೆ ಸುಮ್ನೆ ಕೆಮ್ಮು ಬರುತ್ತದೆ ಅಲ್ವಾ? ಕಿವಿಯ ಚರ್ಮ ಮುಟ್ಟಿದ್ದನ್ನು ಗಂಟಲು ಕೆರೆದ ಹಾಗೆ ಭಾವಿಸುವುದು ಆ ಕವಲಿನ ಕೆಲಸ. 19ನೇ ಶತಮಾನದ ಜರ್ಮನ್ ಅಂಗರಚನಾ ತಜ್ಞ ಫ್ರೀಡ್ರಿಖ್ ಆರ್ನಾಲ್ಡ್ ಹೆಸರಿನಲ್ಲೇ ಅದನ್ನು ಕರೆಯುತ್ತಾರೆ. (ಬಡ್ಸ್ ಹಾಕಿ ಅಂತ ನಾನು ಹೇಳುತ್ತಿಲ್ಲ.) ಟಾನ್ಸಿಲ್ ಆಪರೇಶನ್ ಆದ ಮಕ್ಕಳದ್ದು ಒಂಬತ್ತನೇ ನರದ ಕತೆ. ಮನೆಗೆ ಹೋದ ಮೇಲೆ ಮಗು "ಕಿವಿ ನೋವು" ಅಂತ ಅಳುತ್ತದೆ. ಗಂಟಲಿಗೆ ಆಪರೇಶನ್ ಮಾಡಿ ಕಿವಿ ಹಾಳು ಮಾಡಿದರು ಅಂತ ಅಪ್ಪ ಅಮ್ಮ ಗಾಬರಿಯಲ್ಲಿ ಫೋನ್ ಮಾಡುತ್ತಾರೆ. ಗಾಯ ಮಾಗಿದ ಹಾಗೆ ಅದೂ ಹೋಗುತ್ತದೆ.

ದೊಡ್ಡವರಲ್ಲಿ ಬಹಳ ಸಲ ತಪ್ಪು ಹಲ್ಲಿನದ್ದು. ಕೆಳದವಡೆಯ ಹುಳುಕು ಹಲ್ಲು, ಅಡ್ಡ ಬೆಳೆದ ಬುದ್ಧಿಹಲ್ಲು. ಇಲ್ಲವೇ ದವಡೆಯ ಕೀಲು. ಕಿವಿಯ ಮುಂದೆ ಬೆರಳಿಟ್ಟು ಬಾಯಿ ತೆರೆದು ಮುಚ್ಚಿ ನೋಡಿ, ಕೀಲು ಹೊರಳುವುದು ಗೊತ್ತಾಗುತ್ತದೆ. ಅಲ್ಲಿ ಕಟಕಟ ಅಂದರೆ, ಒತ್ತಿದರೆ ನೋವಾದರೆ ಬೇರೆ ಕಡೆ ಹುಡುಕುವ ಮೊದಲು ಕೀಲನ್ನೇ ವಿಚಾರಿಸಬೇಕು.

ನನಗೆ ನಿಜವಾಗಿ ಚಿಂತೆ ಹುಟ್ಟಿಸುವುದು ಕವಳ, ಅಂದರೆ ಎಲೆ-ಅಡಿಕೆ, ಹಾಕುವವರ ಕಿವಿ ನೋವು. ಅಡಿಕೆ ತಿಂದು ಬದುಕುವ ಊರಲ್ಲ ಇದು, ಅಡಿಕೆಯಿಂದ ಬದುಕುವ ಊರು, ಹಾಗಾಗಿ ಇಲ್ಲಿ ಇದನ್ನು ಬರೆಯುವುದು ಸ್ವಲ್ಪ ಇರುಸುಮುರುಸು. ಆದರೂ ಹೇಳಲೇಬೇಕು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲೇ ಅಡಿಕೆಯನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಗೆ ಸೇರಿಸಿದೆ, ಹೊಗೆಸೊಪ್ಪು ಇಲ್ಲದ ಕವಳವನ್ನೂ ಸೇರಿಸಿ. "ನಾನು ಸೊಪ್ಪು ಹಾಕೋದಿಲ್ಲ, ಬರೀ ಎಲೆ, ಅಡಿಕೆ, ಸುಣ್ಣ" ಅನ್ನುವವರಿಗೆ ಈ ಉತ್ತರ. ಸೊಪ್ಪು ಸೇರಿದರೆ ಅಪಾಯ ಇನ್ನೂ ಜಾಸ್ತಿ.

ನಾಲಿಗೆಯ ಬುಡದಲ್ಲೋ, ಟಾನ್ಸಿಲ್ಲಿನ ಹಿಂದೆಯೋ, ಧ್ವನಿಪೆಟ್ಟಿಗೆಯ ಪಕ್ಕದ ಸಂದಿಯಲ್ಲೋ ಗಡ್ಡೆ ಶುರುವಾದರೆ ಕೆಲವೊಮ್ಮೆ ಅಲ್ಲಿ ನೋವೇ ಇರುವುದಿಲ್ಲ. ಒಂದೇ ಕಿವಿ ನೋಯುತ್ತಿರುತ್ತದೆ, ಅಷ್ಟೇ. ತಿಂಗಳುಗಟ್ಟಲೆ ಕಿವಿಗೆ ಹನಿ ಹಾಕಿಕೊಂಡು ಕೂತವರನ್ನು ನೋಡಿದ್ದೇನೆ. ಕನ್ನಡಿಯಲ್ಲಿ ಆ ಜಾಗ ಕಾಣುವುದಿಲ್ಲ. ಮೂಗಿನಿಂದ ತೆಳು ದುರ್ಬೀನು ಇಳಿಸಿ ನೋಡಬೇಕು. ಕೆಲವೇ ನಿಮಿಷದ ಕೆಲಸ, ಕಣ್ಣಲ್ಲಿ ನೀರು ಬರುತ್ತದೆ, ಹೆದರುವಂಥದ್ದೇನಿಲ್ಲ.

ಕವಳದಿಂದ ಕಿವಿಗೆ ಇನ್ನೊಂದು ದಾರಿಯೂ ಇದೆ. ವರ್ಷಗಟ್ಟಲೆ ಅಡಿಕೆ ಜಗಿದವರಲ್ಲಿ ಕೆನ್ನೆ, ಅಂಗುಳಿನ ಒಳಚರ್ಮ ಬಿಳಿಚಿಕೊಂಡು ಗಡುಸಾಗುತ್ತದೆ. ನಿಮ್ಮದೇ ಮೂರು ಬೆರಳು ಒಂದರ ಮೇಲೊಂದಾಗಿ ಹಲ್ಲುಗಳ ನಡುವೆ ಹೋಗದಿದ್ದರೆ ಅನುಮಾನ ಪಡಿ. ಸಾರು ತಾಗಿದರೆ ಬಾಯಿ ಉರಿಯುವುದೂ ಇದರ ಲಕ್ಷಣವೇ. ಈಗ ಕಿವಿಯ ವಿಷಯ: ಮೂಗಿನ ಹಿಂಭಾಗದಿಂದ ನಡುಕಿವಿಗೆ ಗಾಳಿ ಒಯ್ಯುವ ನಳಿಕೆಯನ್ನು ತೆರೆಯುವುದು ಅಂಗುಳಿನ ಸ್ನಾಯುಗಳು. ದೇವಿಮನೆ ಘಟ್ಟ ಇಳಿದು ಕುಮಟಾಕ್ಕೆ ಹೋಗುವಾಗ ಕಿವಿ ಕಟ್ಟುತ್ತದೆ, ಉಗುಳು ನುಂಗಿದರೆ ಪಟ್ ಅಂತ ಬಿಡುತ್ತದೆ. ಆಗ ಕೆಲಸ ಮಾಡಿದ್ದು ಅವೇ. ಅಂಗುಳು ಗಡುಸಾದವರಿಗೆ ಎಷ್ಟು ನುಂಗಿದರೂ ಅದು ಸರಿಯಾಗಿ ತೆರೆಯದೇ ಇರಬಹುದು. ಕಿವಿ ತುಂಬಿದ ಹಾಗೆ, ಮಂದ ಕೇಳಿದ ಹಾಗೆ ಅನ್ನಿಸುತ್ತದೆ. ಕವಳ ಬಿಟ್ಟರೆ ಕಾಯಿಲೆ ಮುಂದುವರಿಯುವ ವೇಗ ತಗ್ಗಬಹುದು, ಆದರೆ ಗಡುಸಾದದ್ದು ಮೊದಲಿನ ಹಾಗೆ ಮೆತ್ತಗಾಗುವುದು ಕಷ್ಟ. ಆದ್ದರಿಂದಲೇ ಬೇಗ ಬನ್ನಿ ಅನ್ನುವುದು.

ಒಂದೇ ಕಿವಿ ಎರಡು ಮೂರು ವಾರ ನೋಯುತ್ತಿದ್ದರೆ, ಕಿವಿ ಸರಿಯಿದೆ ಅಂತ ಯಾರಾದರೂ ನೋಡಿ ಹೇಳಿದ್ದರೆ, ಮಾತ್ರೆ ಬದಲಿಸುತ್ತಾ ಕೂರಬೇಡಿ. ನುಂಗಲು ನೋವು, ಒಡೆದ ದನಿ, ಕುತ್ತಿಗೆಯಲ್ಲಿ ಗಂಟು, ಮಾಯದ ಹುಣ್ಣು, ಉಗುಳಿನಲ್ಲಿ ರಕ್ತ, ಇಳಿಯುತ್ತಿರುವ ತೂಕ, ಇವುಗಳಲ್ಲಿ ಒಂದಿದ್ದರೂ ಅದೇ ವಾರ ಕಿವಿ-ಮೂಗು-ಗಂಟಲು ವೈದ್ಯರ ಬಳಿ ಹೋಗಿ. ಸೆಟ್ ಹಲ್ಲಿದ್ದರೆ ತೆಗೆಯಬೇಕಾಗುತ್ತದೆ, ಒಂದು ಡಬ್ಬಿ ತನ್ನಿ. ಕವಳವನ್ನು ಹೊರಗೇ ಉಗಿದು ಬಾಯಿ ಚೆನ್ನಾಗಿ ಮುಕ್ಕಳಿಸಿ ಒಳಗೆ ಬನ್ನಿ. ಆ ಕೆಂಪಿನಲ್ಲಿ ಸಣ್ಣ ಹುಣ್ಣು ಕಣ್ಣಿಗೆ ಬೀಳುವುದಿಲ್ಲ.